ಹೆಸರು ಸಿಗದ ಬೇನೆ: ಮುರ್ಮುಗಾಂವ್ ಬಂದರಿನಿಂದ ಒಂದು ಅನುಭವ

ಮುರ್ಮುಗಾಂವ್ ಬಂದರಿನ ನೆತ್ತಿಯ ಮೇಲಿರುವ ಗುಡ್ಡಕ್ಕೆ ಹೆಡ್‌ಲ್ಯಾಂಡ್ ಸಡಾ ಎಂದು ಹೆಸರು. ಅಲ್ಲಿ ನಿಂತು ನೋಡಿದರೆ ಕೆಳಗೆ ಹಡಗುಕಟ್ಟೆ, ಕಲ್ಲಿದ್ದಲಿನ ರಾಶಿ, ಆಚೆಗೆ ಝುವಾರಿ ನದಿ ಕಡಲನ್ನು ಕೂಡುವ ಅಳಿವೆ. ಕುಂಬಳೆ ಸೀಮೆಯಿಂದ ಉದ್ಯೋಗವನ್ನರಸಿ ಬಂದ ನಾವು ದಂಪತಿಗಳು ಇಲ್ಲಿ ಸಂಸಾರ ಹೂಡಿ ಮೂವತ್ತು ವರ್ಷಗಳು ಕಳೆದವು. ವಾಸ್ಕೋ ಪೇಟೆಗಿಳಿದರೆ ಉತ್ತರ ಕರ್ನಾಟಕದ ಕನ್ನಡ ಧಾರಾಳವಾಗಿ ಕಿವಿಗೆ ಬೀಳುತ್ತದೆ. ಆದುದರಿಂದ ಪರಸ್ಥಳವೆಂಬ ಭಾವನೆ ನಮಗೆ ಅಷ್ಟಾಗಿ ಬಂದುದಿಲ್ಲ. ಅದು ಬಂದುದು ಮಗಳ ಕಾಯಿಲೆಯೊಂದಿಗೆ ಆಸ್ಪತ್ರೆಯ ಮೆಟ್ಟಲು ಹತ್ತಿದ ಮೇಲೆ. ಕಾಯಿಲೆಗೆ ಇನ್ನೂ ಹೆಸರು ಸಿಕ್ಕಿಲ್ಲ. ಊರಿನ ಬೇರೆ ಮನೆಗಳಲ್ಲೂ ಇಂಥ ಸ್ಥಿತಿ ಇರಬಹುದು. ಅವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇವೆ.

2020ರ ಏಪ್ರಿಲ್ ತಿಂಗಳು. ದೇಶವೆಲ್ಲ ಬಾಗಿಲು ಹಾಕಿ ಕುಳಿತಿತ್ತು. ಆಗ ಇಪ್ಪತ್ತನಾಲ್ಕರ ಹರೆಯದ ನಮ್ಮ ಮಗಳು ಒಂದು ಬೆಳಿಗ್ಗೆ, ಬಲಗಣ್ಣು ಮಂಜಾಗಿದೆ, ಕಣ್ಣು ಹೊರಳಿಸಿದರೆ ನೋಯುತ್ತದೆ ಎಂದಳು. ದೇವರ ಕೋಣೆಯ ಕುಂಕುಮ ಆ ಕಣ್ಣಿಗೆ ಮಾಸಿದ ಬಣ್ಣವಾಗಿ ಕಾಣುತ್ತಿತ್ತು. ಕಣ್ಣಿನ ವೈದ್ಯರು ಸಿಗಲಿಲ್ಲ. ಔಷಧದಂಗಡಿಯಿಂದ ತಂದ ಹನಿ ಹಾಕಿದೆವು. ಮೂರು ವಾರಗಳಲ್ಲಿ ದೃಷ್ಟಿ ತಾನಾಗಿ ಮರಳಿತು. ನಾವೂ ಮರೆತೆವು. ಯಾರೂ ಪರೀಕ್ಷಿಸಲಿಲ್ಲ, ಒಂದು ಚೀಟಿಯೂ ಉಳಿಯಲಿಲ್ಲ. ಈ ಮರೆವಿನ ಬೆಲೆ ಏನೆಂಬುದು ಮುಂದೆ ತಿಳಿಯಿತು.

2022ರ ನವೆಂಬರಿನಲ್ಲಿ ಅವಳ ಪಾದಗಳಲ್ಲಿ ಜೋಮು ಶುರುವಾಗಿ, ವಾರದೊಳಗೆ ಸೊಂಟದ ತನಕ ಏರಿತು. ತಣ್ಣೀರು ಹೊಯ್ದರೆ ತಣ್ಣಗೆ ತೋರದು. ಕತ್ತು ಬಗ್ಗಿಸಿದರೆ ಬೆನ್ನಿನುದ್ದಕ್ಕೆ ಮಿಂಚು ಹರಿದಂತೆ. ಆಸ್ಪತ್ರೆಯಲ್ಲಿ ವೈದ್ಯರು ಹಿಂದಿಯಲ್ಲಿ ಕೇಳಿದರು. ಜೋಮಿಗೆ ಹಿಂದಿಯಲ್ಲಿ ಏನೆನ್ನಬೇಕೆಂದು ತೋಚದೆ ನಾವು 'ಕಮ್‌ಜೋರಿ' ಎಂದುಬಿಟ್ಟೆವು. ಬಲಹೀನತೆ ಬೇರೆ, ಸ್ಪರ್ಶಜ್ಞಾನ ಹೋಗುವುದು ಬೇರೆ. ನಮ್ಮ ಆ ಒಂದು ಪದದಿಂದಾಗಿ ಶಕ್ತಿಯ ಔಷಧ ಕೈಗೆ ಬಂತು, ಹದಿನೈದು ದಿನ ಹೋಯಿತು. ಕಾಸರಗೋಡಿನ ನಮ್ಮವರಿಗೂ ಈ ಕಷ್ಟ ಹೊಸದಲ್ಲ. ಮಲಯಾಳದ 'ತರಿಪ್ಪ್' ಎಂಬ ಮಾತು ಬಾಯಿಗೆ ಬಾರದೆ 'ಕ್ಷೀಣ' ಎಂದು ಹೇಳಿ ಮನೆಗೆ ಮರಳಿದವರು ಎಷ್ಟು ಮಂದಿಯೋ!

ಮತ್ತೊಂದು ಕಡೆ, ಇದು ಮನಸ್ಸಿನ ಕಾಯಿಲೆ, ಮದುವೆ ಮಾಡಿದರೆ ಸರಿಹೋದೀತು ಎಂದರು. ಊರಿನ ಬಂಧುಗಳು ಪ್ರಶ್ನೆ ಇಡಿಸಲು ಹೇಳಿದರು. ಇಡಿಸಿದೆವು, ಹರಕೆಯನ್ನೂ ಸಲ್ಲಿಸಿದೆವು. ಅದರಿಂದ ಮನಸ್ಸಿಗೆ ಸಮಾಧಾನ ಸಿಕ್ಕಿತೆಂಬುದು ನಿಜ. ಕಾಲಿನ ಜೋಮು ಹಾಗೆಯೇ ಇತ್ತು.

ಶಂಕೆ ಹುಟ್ಟಿದ ಬಗೆ

ಕೊನೆಗೆ ನರರೋಗ ತಜ್ಞರೊಬ್ಬರು ಅರ್ಧ ಗಂಟೆ ಕುಳಿತು ಹಿಂದಿನದನ್ನೆಲ್ಲ ಕೇಳಿದರು. ಕಣ್ಣಿನ ಸಂಗತಿ ಹೊರಬಿದ್ದುದು ಆಗಲೇ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಹೆಸರನ್ನು ನಾವು ಕೇಳಿದ್ದೂ ಅಂದೇ. ದೇಹವನ್ನು ಕಾಯಬೇಕಾದ ರಕ್ಷಣಾ ಶಕ್ತಿಯೇ ತಿರುಗಿಬಿದ್ದು, ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಮೇಲಿನ ಮೈಲಿನ್ ಎಂಬ ಪೊರೆಯನ್ನು ಕೆಡಿಸುವ ರೋಗವಿದು. ವಿದ್ಯುತ್ ತಂತಿಯ ಮೇಲಿನ ಹೊದಿಕೆ ಅಲ್ಲಲ್ಲಿ ಸುಲಿದಂತೆ. ಸುಲಿದ ಜಾಗ ಯಾವುದೋ, ತೊಂದರೆಯೂ ಅಲ್ಲಿಯದೇ: ಕಣ್ಣು, ಕಾಲು, ಮೂತ್ರಕೋಶ, ನಡಿಗೆಯ ಸಮತೋಲ. ಹೆಂಗಸರಲ್ಲಿ ಹೆಚ್ಚು, ಸಾಮಾನ್ಯವಾಗಿ ಇಪ್ಪತ್ತರಿಂದ ನಲ್ವತ್ತರ ಪ್ರಾಯದಲ್ಲಿ ತೊಡಗುತ್ತದೆ. ಅಂಟುರೋಗವಲ್ಲ.

ಇದು ಚಳಿದೇಶದವರ ರೋಗ, ನಮ್ಮಲ್ಲಿಲ್ಲ ಎಂಬ ಭಾವನೆ ಹಿಂದೆ ಇತ್ತು. ಆದರೆ ನಮ್ಮ ಊರಿಗೆ ಹತ್ತಿರದ ಮಂಗಳೂರು ನಗರದಲ್ಲಿ ಡಾ. ಲೇಖಾ ಪಂಡಿತ್ ಅವರು ನಡೆಸಿ 2014ರಲ್ಲಿ ಪ್ರಕಟಿಸಿದ ಗಣತಿಯಲ್ಲಿ ಲಕ್ಷ ಜನರಿಗೆ ಸುಮಾರು 8 ಮಂದಿ ರೋಗಿಗಳು ಕಂಡುಬಂದರು. ವಿರಳ ಹೌದು, ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಎತ್ತಲೂ ವಾಲದ ತಕ್ಕಡಿ

ನಂತರ ಪರೀಕ್ಷೆಗಳ ಸಾಲು. ಮಿದುಳಿನ ಎಂ.ಆರ್.ಐ.ಯಲ್ಲಿ ನಾಲ್ಕೈದು ಬಿಳಿ ಚುಕ್ಕೆಗಳು ಕಂಡವು. ಆದರೆ ಈ ರೋಗದವು ಸಾಮಾನ್ಯವಾಗಿ ಇರುವ ಜಾಗಗಳಲ್ಲಿ ಇರಲಿಲ್ಲ. ಅಂಥ ಚುಕ್ಕೆಗಳು ಅರೆತಲೆನೋವಿನವರಲ್ಲಿ, ರಕ್ತದೊತ್ತಡದವರಲ್ಲಿ, ವಯಸ್ಸಾದವರಲ್ಲಿಯೂ ಇರುವುದುಂಟಂತೆ. ಬೆನ್ನುಹುರಿಯ ಚಿತ್ರ ಶುಭ್ರವಾಗಿತ್ತು. ಬೆನ್ನಿನಿಂದ ನೀರು ತೆಗೆದು ನೋಡಿದಾಗ, ರೋಗವಿದ್ದರೆ ಕಾಣಬೇಕಾದ ಪ್ರೋಟೀನಿನ ಗೆರೆಗಳು ಕಾಣಲಿಲ್ಲ. ಪಶ್ಚಿಮ ದೇಶಗಳ ರೋಗಿಗಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಆ ಗೆರೆಗಳಿರುತ್ತವೆ, ನಮ್ಮವರಲ್ಲಿ ಅಷ್ಟು ಮಂದಿಗೆ ಇರುವುದಿಲ್ಲ. ಆದ್ದರಿಂದ ಇಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆಂದಾಗದು ಎಂದರು. ಕಣ್ಣಿನ ನರದ ವೇಗ ಅಳೆಯುವ ಪರೀಕ್ಷೆಯಲ್ಲಿ ಬಲಗಣ್ಣು ತುಸು ನಿಧಾನ. ಅದೂ ಗಡಿರೇಖೆಯ ಮೇಲೆ. ಬಿ-12 ಜೀವಸತ್ವದ ಕೊರತೆ, ಕ್ಷಯ, ಲೂಪಸ್ ಮೊದಲಾದವು ಇದೇ ಲಕ್ಷಣಗಳನ್ನು ತೋರಬಲ್ಲವಾದ್ದರಿಂದ ಅವನ್ನೂ ನೋಡಿದರು. ಯಾವುದೂ ಇರಲಿಲ್ಲ.

ಹಾಗಾದರೆ ಏನು ಕಾಯಿಲೆ ಎಂದು ಕೇಳಿದೆವು. "ಈಗ ಹೇಳಲಾರೆ. ಇಲ್ಲವೆಂದೂ ಹೇಳಲಾರೆ. ಕಾದು ನೋಡೋಣ" ಎಂದರು. ಅಷ್ಟು ಹಣ ಸುರಿದು ಇಷ್ಟೇ ಉತ್ತರವೇ ಎಂದು ಬರುವ ದಾರಿಯುದ್ದಕ್ಕೂ ನಮ್ಮೊಳಗೆ ಕುದಿಯುತ್ತಿತ್ತು. ಮಗಳು ಮಾತ್ರ, ಗೊತ್ತಿಲ್ಲವೆಂದು ಹೇಳಿದ ಮೊದಲ ಡಾಕ್ಟರು ಇವರು, ಇವರಲ್ಲಿಗೇ ಹೋಗೋಣ ಎಂದಳು.

ಅವಳ ಮಾತು ಸರಿಯೆಂದು ನಿಧಾನವಾಗಿ ಮನವರಿಕೆಯಾಯಿತು. ಈ ರೋಗವನ್ನು ಫ್ರಾನ್ಸಿನ ಶಾರ್ಕೋ ಎಂಬ ವೈದ್ಯ 1868ರಲ್ಲಿ ಸ್ಪಷ್ಟವಾಗಿ ವಿವರಿಸಿದ್ದಾನೆ. ಆದರೂ ಇಂದಿನವರೆಗೆ ಇದೊಂದನ್ನೇ ಹಿಡಿದು ತೋರುವ ಒಂದೇ ಪರೀಕ್ಷೆ ಎಂಬುದಿಲ್ಲ. ನರಮಂಡಲದ ಒಂದಕ್ಕಿಂತ ಹೆಚ್ಚು ಜಾಗಗಳಲ್ಲಿ, ಒಂದಕ್ಕಿಂತ ಹೆಚ್ಚು ಸಲ ಪೆಟ್ಟು ಬಿದ್ದಿದೆಯೆಂದು ಸಾಕ್ಷ್ಯ ಬೇಕು; ಬೇರೆ ರೋಗವಲ್ಲವೆಂದು ಖಾತ್ರಿಯಾಗಬೇಕು. ಮೆಕ್‌ಡೊನಾಲ್ಡ್ ಎಂಬ ತಜ್ಞರ ಹೆಸರಿನಲ್ಲಿ ಈ ನಿಯಮಗಳು 2001ರಲ್ಲಿ ಬಂದವು. 2005, 2010, 2017ರಲ್ಲಿ ತಿದ್ದುಪಡಿಯಾದವು. ನಮ್ಮ ಮಗಳ ಕಣ್ಣು ಮಂಜಾದುದನ್ನು ಅಂದು ಯಾರಾದರೂ ವೈದ್ಯರು ನೋಡಿ ಬರೆದಿಟ್ಟಿದ್ದರೆ ಅದು ಗಟ್ಟಿ ಸಾಕ್ಷಿಯಾಗುತ್ತಿತ್ತು. ಈಗ ಅದು ನಮ್ಮ ಬಾಯಿಮಾತು ಮಾತ್ರ.

ಅವಸರದ ಹೆಸರೂ ಬೇಡ

ಏನಾದರೊಂದು ಹೆಸರು ಕೊಟ್ಟು ಔಷಧ ಶುರುಮಾಡಬಾರದೇ ಎಂದು ನಾವು ಒತ್ತಾಯಿಸಿದ್ದೂ ಉಂಟು. ಅದರ ಅಪಾಯವನ್ನು ಅವರು ವಿವರಿಸಿದರು. ಕಣ್ಣಿನ ನರ ಮತ್ತು ಬೆನ್ನುಹುರಿಯನ್ನೇ ಹಿಡಿಯುವ ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬ ಬೇರೆ ರೋಗವಿದೆ. ಅದನ್ನು ಗುರುತಿಸುವ ರಕ್ತಪರೀಕ್ಷೆಗೆ ಆಧಾರವಾದ ಅಂಶ 2004ರಲ್ಲಿ ಪತ್ತೆಯಾಯಿತು. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಕೊಡುವ ಇಂಟರ್‌ಫೆರಾನ್ ಅದಕ್ಕೆ ಕೊಟ್ಟರೆ ರೋಗ ಉಲ್ಬಣಿಸಬಹುದು. ನಮ್ಮ ಮಗಳಿಗೆ ಆ ಪರೀಕ್ಷೆ ಮಾಡಿಸಿದೆವು, ಇಲ್ಲವೆಂದು ಬಂತು. ಇನ್ನೊಂದು ಕಡೆ, ರೋಗ ಖಚಿತವಾದ ಮೇಲೆ ಔಷಧ ತಡಮಾಡಿದರೆ ಆಗುವ ಹಾನಿ ಹಿಂದಿರುಗುವುದಿಲ್ಲ. ಆದುದರಿಂದ ಕಾಯುವುದೆಂದರೆ ಸುಮ್ಮನೆ ಕೂರುವುದಲ್ಲ. ಗೊತ್ತಾದ ಸಮಯಕ್ಕೆ ಮತ್ತೆ ಎಂ.ಆರ್.ಐ., ಹೊಸ ಲಕ್ಷಣ ಕಂಡು ಒಂದು ದಿನಕ್ಕಿಂತ ಹೆಚ್ಚು ನಿಂತರೆ ಕೂಡಲೇ ವೈದ್ಯರಲ್ಲಿಗೆ.

ಅದಕ್ಕಾಗಿ ಒಂದು ಪುಸ್ತಕ ಇಟ್ಟಿದ್ದೇವೆ. ಯಾವ ದಿನ ಏನಾಯಿತು, ದೇಹದ ಯಾವ ಭಾಗ, ಎಷ್ಟು ದಿನ ಇತ್ತು ಎಂದು ಮಗಳು ಕನ್ನಡದಲ್ಲಿ ಬರೆಯುತ್ತಾಳೆ. ವೈದ್ಯರಲ್ಲಿಗೆ ಹೋಗುವ ಮುನ್ನ ಅವರ ಭಾಷೆಗೆ ತಿರುಗಿಸಿಕೊಳ್ಳುತ್ತಾಳೆ. ಮೇ ತಿಂಗಳ ಮಧ್ಯಾಹ್ನ ಬಂದರಿನಿಂದ ಗುಡ್ಡ ಹತ್ತುವಾಗ ಅವಳ ಕಾಲು ಎಳೆಯುತ್ತಿತ್ತು. ಬರೆದಿಟ್ಟುದರಿಂದಲೇ, ಮೈ ಬಿಸಿಯೇರಿದಾಗ ಹೀಗಾಗಿ ತಣಿದ ಮೇಲೆ ಸರಿಹೋಗುತ್ತದೆಂದು ತಿಳಿಯಿತು. ಅದು ಹೊಸ ಪೆಟ್ಟಲ್ಲ, ಹಳೆಯ ಗಾಯದ ನೆರಳು ಎಂದರು ವೈದ್ಯರು.

ಕಳೆದ ವರ್ಷ ಒಂದು ಸಂಬಂಧ ಬಂದಿತ್ತು. ಕಾಯಿಲೆಗೆ ಹೆಸರೇ ಇಲ್ಲ, ಮತ್ತೆ ಹೇಳುವುದೇನು ಎಂದು ನಾವು ಯೋಚಿಸಿದೆವು. ಅವಳು ಒಪ್ಪಲಿಲ್ಲ. ಪುಸ್ತಕವನ್ನೇ ಹುಡುಗನ ಮುಂದಿಟ್ಟಳು. ಸಂಬಂಧ ಮುಂದುವರಿಯಲಿಲ್ಲ. ಆ ರಾತ್ರಿ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಬೆಳಗಾದೊಡನೆ ಅವಳು ಎಂದಿನಂತೆ ಶಾಲೆಗೆ ಪಾಠ ಹೇಳಲು ಹೋದಳು.

ಹೆಸರು ಸಿಗದ ಕಾಯಿಲೆಯವರಿಗೆ ಕಾನೂನಿನ ನೆರವೂ ದೂರ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಸೇರಿದೆ. ಆದರೆ ಪ್ರಮಾಣಪತ್ರಕ್ಕೆ ಖಚಿತ ನಿರ್ಣಯ ಬೇಕು. ಸಲಹೆ ಬೇಕಾದವರಿಗೆ 1985ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾ ಇದೆ.

ಈ ಮಧ್ಯೆ ನಿಯಮಗಳು ಮತ್ತೆ ಬದಲಾಗಿವೆ. 2025ರಲ್ಲಿ ಪ್ರಕಟವಾದ ಪರಿಷ್ಕರಣೆಯಲ್ಲಿ, ಹಿಂದಿನ ನಾಲ್ಕು ಜಾಗಗಳ ಜೊತೆಗೆ ಕಣ್ಣಿನ ನರವನ್ನೂ ಐದನೆಯದಾಗಿ ಲೆಕ್ಕಕ್ಕೆ ಹಿಡಿದಿದ್ದಾರೆ. ಹಾಗಾಗಿ ಬಲಗಣ್ಣಿನ ಪರೀಕ್ಷೆಯ ಕಾಗದವನ್ನು ಇನ್ನೊಮ್ಮೆ ನೋಡುವೆನೆಂದು ವೈದ್ಯರು ಹೇಳಿದ್ದಾರೆ. ಕೊನೆಯ ಎಂ.ಆರ್.ಐ.ಯಲ್ಲಿ ಹೊಸ ಚುಕ್ಕೆಗಳಿರಲಿಲ್ಲ. ಹೆಸರು ಸಿಗಲಿಲ್ಲವೆಂಬ ಬೇಸರದ ನಡುವೆ ಇದೊಂದು ಸಂತೋಷ.

ಓದುಗ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟೆ. ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವೆಂದರೆ ಮಕ್ಕಳು ಹೇಳುವುದು ಸುಳ್ಳೆಂದು ತಿಳಿಯಬೇಡಿ. ಮಂಜಾದ ಕಣ್ಣು, ಏರಿದ ಜೋಮು ತಾನಾಗಿ ವಾಸಿಯಾದರೂ ಅಂದೇ ವೈದ್ಯರಿಗೆ ತೋರಿಸಿ ಬರೆಸಿಕೊಳ್ಳಿ. ಸಣ್ಣ ಚೀಟಿಯನ್ನೂ ಎಸೆಯಬೇಡಿ. ನಾವು ಎಸೆದವರು, ಅದಕ್ಕಾಗಿ ಹೇಳುತ್ತಿದ್ದೇವೆ.