ಮಳೆ ಬಿಡುವವರೆಗೆ ಒಳಗೆ

ಆಟಿ ತಿಂಗಳ ಮಳೆ ಪಾಣೆಮಂಗಳೂರಿನ ಹಂಚಿನ ಮಾಡುಗಳ ಮೇಲೆ ಎಡೆಬಿಡದೆ ಸುರಿಯುತ್ತಿದೆ. ಶತಮಾನ ದಾಟಿದ ಉಕ್ಕಿನ ಸೇತುವೆಯ ಕೆಳಗೆ ನೇತ್ರಾವತಿ ಕೆಂಪು ನೀರು ತುಂಬಿಕೊಂಡು ಓಡುತ್ತಿದ್ದಾಳೆ. ಪೇಟೆಯಲ್ಲಿ ಇಬ್ಬರು ಎದುರಾದರೆ ಮಾತು ಒಂದೇ: ಬಂಟ್ವಾಳದಲ್ಲಿ ನೀರು ಎಷ್ಟಾಯಿತು? 8.5 ಮೀಟರ್ ಎಂದರೆ ಅಪಾಯದ ಮಟ್ಟ. ಅದರ ಹತ್ತಿರ ಬಂತೆಂದರೆ ಆಲಡ್ಕದ ತಗ್ಗಿನ ಮನೆಗಳವರು ಸಾಮಾನು ಮೇಲಕ್ಕೆತ್ತತೊಡಗುತ್ತಾರೆ.

ಆ ತಗ್ಗಿಗಿಂತ ಸ್ವಲ್ಪ ಮೇಲಿರುವ ಮನೆಯೊಂದರ ಹೊಸ್ತಿಲಲ್ಲಿ ಮೂರು ತಿಂಗಳ ಎರಡು ಬೆಕ್ಕಿನ ಮರಿಗಳು. ಕಂದು ಪಟ್ಟೆಯದು ಮುಂಗಾಲನ್ನು ಹೊಸ್ತಿಲಾಚೆ ಇಡುತ್ತದೆ, ಹನಿ ಬಿದ್ದ ಕೂಡಲೇ ಎಳೆದುಕೊಂಡು ಕಾಲು ಕೊಡವುತ್ತದೆ, ಮತ್ತೆ ಇಡುತ್ತದೆ. ಕಪ್ಪು ಬಿಳುಪಿನದು ಬಾಗಿಲ ಹಿಂದೆ ಮೈ ಅಡಗಿಸಿಕೊಂಡು ಇಣುಕುವುದಷ್ಟೇ.

"ಅಜ್ಜಿ, ಒಮ್ಮೆ ಅಂಗಳಕ್ಕೆ ಬಿಡುವನಾ? ಎಷ್ಟು ಆಸೆ ನೋಡಿ ಅದಕ್ಕೆ."

"ಈಗ ಬೇಡ ಮಗಾ. ಮಳೆ ಬಿಡಲಿ, ಡಾಕ್ಟ್ರು ಹೇಳಿದ ಸೂಜಿ ಎಲ್ಲ ಮುಗಿಯಲಿ."

ಬೆಕ್ಕಿಗೆ ಬಾಗಿಲು ಹಾಕುವ ಪದ್ಧತಿ ಈ ಕಡೆ ಮೊದಲು ಇರಲಿಲ್ಲ. ತಾಯಿ ಅಟ್ಟದಲ್ಲೋ ಕಟ್ಟಿಗೆ ಕೊಟ್ಟಿಗೆಯಲ್ಲೋ ಮರಿ ಹಾಕುತ್ತಿತ್ತು, ಏಳು ಮನೆ ತಿರುಗಿಸುತ್ತಿತ್ತು. ನಾಲ್ಕರಲ್ಲಿ ಒಂದು ಉಳಿದರೆ ಮನೆಯವರಿಗೆ ಸಮಾಧಾನ. ಆ ಸಮಾಧಾನ ನನಗೆ ಒಪ್ಪಿಗೆಯಾಗುವುದಿಲ್ಲ. ಹಾಗೆ ಕಾಣೆಯಾದವುಗಳಲ್ಲಿ ಎಷ್ಟೋ ಮರಿಗಳು, ಹೊರಗೆ ಬಿಡಲು ಒಂದಷ್ಟು ತಿಂಗಳು ಕಾದಿದ್ದರೆ, ಬದುಕುತ್ತಿದ್ದವು.

ಕಾಯಬೇಕಾದ್ದಕ್ಕೆ ಮೊದಲ ಕಾರಣ ಕಣ್ಣಿಗೆ ಕಾಣುವುದಿಲ್ಲ. ತಾಯಿಯ ಹಾಲಿನಿಂದ ಬಂದ ರಕ್ಷಣೆ ವಾರ ಕಳೆದಂತೆ ಕರಗುತ್ತದೆ, ಆದರೆ ಅದು ಇರುವಷ್ಟು ದಿನ ಲಸಿಕೆಯನ್ನೂ ಪೂರ್ತಿ ಹಿಡಿಯಗೊಡುವುದಿಲ್ಲ. ಹಾಗಾಗಿಯೇ ಎಂಟನೇ ವಾರದ ಸುಮಾರಿಗೆ ಶುರುವಾದ ಸೂಜಿಯನ್ನು ಮೂರು ನಾಲ್ಕು ವಾರಕ್ಕೊಮ್ಮೆ ಹಾಕಿಸುತ್ತ ಹದಿನಾರನೇ ವಾರದವರೆಗೆ ಒಯ್ಯಬೇಕು. ಮೂರು ತಿಂಗಳು ತುಂಬಿದ ಮೇಲೆ ರೇಬಿಸ್ ಸೂಜಿ ಬೇರೆ. ಪ್ಯಾನ್‌ಲ್ಯುಕೊಪೀನಿಯಾ ಎಂಬ ವಾಂತಿಭೇದಿಯ ರೋಗ ಎಳೆಯ ಮರಿಯನ್ನು ಎರಡು ಮೂರು ದಿನಗಳಲ್ಲಿ ಮುಗಿಸಿಬಿಡಬಲ್ಲದು. ಅದರ ವೈರಾಣು ತಿಂಗಳುಗಟ್ಟಲೆ ನೆಲದಲ್ಲಿ ಉಳಿಯುತ್ತದೆ, ನಮ್ಮ ಚಪ್ಪಲಿಗಂಟಿಕೊಂಡೂ ಒಳಗೆ ಬರುತ್ತದೆ. ಈ ಮನೆಯಲ್ಲಿ ಚಪ್ಪಲಿಗಳೆಲ್ಲ ಜಗಲಿಯ ಕೆಳಗೇ ಉಳಿಯುವುದು ಆ ದೃಷ್ಟಿಯಿಂದಲೂ ಒಳ್ಳೆಯದು.

ಇನ್ನು ಅಂಗಳ. ಮರಿಯ ಎತ್ತರಕ್ಕೆ ಬಗ್ಗಿ ನೋಡಿದರೆ ಈ ಪರಿಚಿತ ಜಾಗ ಬೇರೆಯೇ ಆಗಿ ಕಾಣುತ್ತದೆ. ಪಾಚಿಗಟ್ಟಿದ ಕೆಂಪುಕಲ್ಲಿನ ಮೆಟ್ಟಿಲು, ಅದರ ಪಕ್ಕದಲ್ಲೇ ಕಣಿಯ ನೀರು ರಭಸದಿಂದ ಹರಿಯುತ್ತದೆ. ಬಾವಿಯಲ್ಲಿ ನೀರು ಕೈಗೆಟುಕುವಷ್ಟು ಮೇಲೆ ಬಂದಿದೆ, ಕಟ್ಟೆ ಮೇಲೆ ಹಾರುವುದು ಮರಿಗೆ ಕಷ್ಟವಲ್ಲ. ಬಾವಿಗೆ ಬಲೆ ಹಾಕಿದ್ದಾರೆ, ಅದರ ಒಂದು ಮೂಲೆ ಮಾತ್ರ ಸಡಿಲ. ಕಟ್ಟಿಗೆ ರಾಶಿಯ ಸಂದಿನಲ್ಲಿ ಬೆಚ್ಚಗೆ ಇರುತ್ತದೆಂದು ಮರಿಗೆ ಗೊತ್ತಾಗುವಂತೆ ಹಾವಿಗೂ ಗೊತ್ತು. ಹೊಳೆ ಏರಿದಾಗ ತಗ್ಗಿನಲ್ಲಿದ್ದ ಹಾವುಗಳೆಲ್ಲ ಮೇಲಕ್ಕೆ ಬರುತ್ತವೆ, ಹೆಬ್ಬಾವಿಗೆ ಈ ಗಾತ್ರದ ಮರಿ ಒಂದು ತುತ್ತು.

ತೋಟದಿಂದ ಬರುವ ಅಪಾಯವನ್ನು ಬಹಳ ಮಂದಿ ನೆನೆಯುವುದೇ ಇಲ್ಲ. ಕೊಳೆರೋಗಕ್ಕೆಂದು ಅಡಿಕೆಗೆ ಮದ್ದು ಬಿಡುವ ಕಾಲವಿದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅಡಿಕೆ ಗೊನೆಗೆ ಹೊಡೆದ ಮದ್ದು ಮರದಡಿಯ ಹುಲ್ಲು, ಸೋಗೆಗಳ ಮೇಲೂ ನೀಲಿಯಾಗಿ ಕೂರುತ್ತದೆ. ಬೆಕ್ಕು ಅದರಲ್ಲಿ ನಡೆದು ಬಂದು ಸುಮ್ಮನಿರುವುದಿಲ್ಲ, ಬೆರಳ ಸಂದುಗಳನ್ನು ಬಿಡಿಸಿ ಬಿಡಿಸಿ ನೆಕ್ಕುತ್ತದೆ. ಮೈಗೆ ಅಂಟಿದ್ದೆಲ್ಲ ಹೊಟ್ಟೆಗೇ ಹೋಗುವುದು.

ಚೌತಿ ಕಳೆಯಿತು. ಎರಡೂ ಮರಿಗಳಿಗೆ ಐದು ತಿಂಗಳು ತುಂಬುವ ಹೊತ್ತಿಗೆ ಸಂತಾನಹರಣದ ಆಪರೇಷನ್ ಆಯಿತು. ಇದಕ್ಕೂ ಮೊದಲು ಹೊರಗೆ ಬಿಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಹೆಣ್ಣು ಮರಿ ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು, ಗಬ್ಬವಾದರೆ ಎರಡು ತಿಂಗಳಲ್ಲಿ ಅದೇ ತಾಯಿ. ಗಂಡಾದರೆ ಊರ ಗಡವ ಬೆಕ್ಕುಗಳ ಜೊತೆ ಜಗಳ, ಸೇತುವೆಯ ಕಡೆಗೆ, ಹೆದ್ದಾರಿಯ ಕಡೆಗೆ ಅಲೆದಾಟ.

ನವರಾತ್ರಿ ಮುಗಿದು ಅಂಗಳ ಒಣಗಿದ ಮೇಲೆ ಒಂದು ಸಂಜೆ ಐದು ಗಂಟೆಗೆ ಬಾಗಿಲು ತೆರೆಯಿತು. ಮರಿಗಳಿಗೆ ಇನ್ನೂ ಊಟ ಹಾಕಿರಲಿಲ್ಲ, ಹಸಿದ ಬೆಕ್ಕು ತಟ್ಟೆಯ ಸದ್ದಿಗೆ ಹಿಂದಿರುಗುತ್ತದೆ. ಮೊಮ್ಮಗಳು ಎತ್ತಿಕೊಳ್ಳಲು ಹೋದಾಗ ಅಜ್ಜಿ ತಡೆದರು. "ಅದರ ಕಾಲಲ್ಲೇ ನಡೆಯಲಿ. ಎತ್ತಿಕೊಂಡು ಹೋದರೆ ವಾಪಸು ಬರುವ ದಾರಿ ಅದಕ್ಕೆ ಹೇಗೆ ತಿಳಿಯಬೇಕು?"

ಕಂದು ಪಟ್ಟೆಯದು ಮೊದಲು ಬಾಗಿಲ ದಾರಂದಕ್ಕೆ ಕೆನ್ನೆ ಉಜ್ಜಿತು, ಆಮೇಲೆ ಮೆಟ್ಟಿಲಿಗೆ, ಆಮೇಲೆ ತುಳಸಿಕಟ್ಟೆಯ ಮೂಲೆಗೆ. ಹೀಗೆ ತನ್ನ ವಾಸನೆ ಹಚ್ಚುತ್ತ, ಹಿಂದಿರುಗಿ ಬಾಗಿಲು ತೆರೆದೇ ಇದೆಯೇ ಎಂದು ನೋಡುತ್ತ, ಹೊಟ್ಟೆ ನೆಲಕ್ಕೆ ತಾಗುವಂತೆ ಮುಂದುವರಿಯಿತು. ಮೀಸೆ ಪೂರ್ತಿ ಮುಂದಕ್ಕೆ, ಒಂದು ಕಿವಿ ದಾರಿಯ ಕಡೆಗೆ. ಅಷ್ಟರಲ್ಲಿ ಮೀನಿನವನ ಸ್ಕೂಟರ್ ಹಾರ್ನ್ ಕೇಳಿಸಿತು. ಒಂದೇ ನೆಗೆತಕ್ಕೆ ಒಳಗೆ! ಅಜ್ಜಿಯ ಮುಖ ಅರಳಿತು. ಹೆದರಿದಾಗ ಬೇಲಿಯ ಕಡೆಗಲ್ಲ, ಮನೆಯ ಕಡೆಗೆ ಓಡುವ ಮರಿಯನ್ನು ಮಾತ್ರ ಮರುದಿನ ಮತ್ತೆ ಬಿಡಬಹುದು. ಹುಟ್ಟಿದ ದಿನದ ಲೆಕ್ಕಕ್ಕಿಂತ ಈ ಓಟವನ್ನೇ ನಾನು ಹೆಚ್ಚು ನಂಬುತ್ತೇನೆ.

ದಿನಾ ಇಷ್ಟೇ: ಕಾಲು ಗಂಟೆ, ಯಾರಾದರೂ ಜಗಲಿಯಲ್ಲಿ ಕೂತಿರುವಾಗ, ಬೆಳಕಿರುವಾಗ. ಕತ್ತಲಾದ ಮೇಲೆ ಬೀದಿನಾಯಿಗಳ ಗುಂಪು ಓಡಾಡುತ್ತದೆ, ಆದ್ದರಿಂದ ದೀಪ ಹಚ್ಚುವ ಹೊತ್ತಿಗೆ ಬಾಗಿಲು ಭದ್ರ. ದೀಪಾವಳಿ ಹತ್ತಿರವಾದಂತೆ ಹಗಲಿನ ಆ ಕಾಲು ಗಂಟೆಯನ್ನೂ ನಿಲ್ಲಿಸಿದ್ದಾರೆ. ಎಲ್ಲೋ ಒಂದು ಮಾಲೆಪಟಾಕಿ ಹೊಡೆದರೆ ಕಲಿತ ದಾರಿಯೆಲ್ಲ ಮರೆತು ಓಡುವ ವಯಸ್ಸು ಅದು. ಬಲಿಪಾಡ್ಯಮಿ ಕಳೆದು ಪೇಟೆಯ ಸದ್ದು ಅಡಗಿದ ಮೇಲೆ ಕಂದು ಪಟ್ಟೆಯದಕ್ಕೆ ಮತ್ತೆ ಅಂಗಳ.

ಕಪ್ಪು ಬಿಳುಪಿನದು ಹೊಸ್ತಿಲನ್ನು ಇನ್ನೂ ದಾಟಿಲ್ಲ. ಅದನ್ನು ಯಾರೂ ಒತ್ತಾಯಿಸುತ್ತಿಲ್ಲ. ಹತ್ತಿ ಕೂರಲು ಕಿಟಕಿಯ ದಂಡೆ, ಉಗುರು ಪರಚಲು ಹಳೆಯ ಗೋಣಿ ಸುತ್ತಿದ ಕಂಬ ಇವೆ, ಆಡಲು ಮೊಮ್ಮಗಳು ಇದ್ದಾಳೆ. "ಅದು ಒಳಗೇ ಇರಲಿ ಮಗಾ," ಎನ್ನುತ್ತಾರೆ ಅಜ್ಜಿ, "ಬಾವಿಯ ಬಲೆಯ ಆ ಮೂಲೆಯನ್ನು ಮಾತ್ರ ಇವತ್ತೇ ಕಟ್ಟಿಬಿಡು."