ಮಳೆ ತಡೆದಾಗ ಹೂವು ಕಾಯುವ ಕಸುಬು

ಕೊಪ್ಪಳ ಜಿಲ್ಲೆಯಲ್ಲಿ ಗಂಗಾವತಿಯದೇ ಒಂದು ಲೋಕ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮುಟ್ಟಿದಲ್ಲೆಲ್ಲ ಭತ್ತ. ಅಲ್ಲಿಂದ ಕುಷ್ಟಗಿ, ಯಲಬುರ್ಗಾದ ಕಡೆ ಹೊರಟರೆ ಮಸಾರಿ ಹೊಲ, ಎರೆ ಹೊಲ; ಬಿದ್ದ ಮಳೆಯೇ ಬಂಡವಾಳ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಬೀಳುವ ಮಳೆ ಬೇಕಾದ ಹೊತ್ತಿಗೆ ಬರುತ್ತದೆಂಬ ಭರವಸೆಯೂ ಇಲ್ಲ. ಮೃಗಶಿರದಲ್ಲಿ ಆಸೆ ಹುಟ್ಟಿಸಿದ ಮಳೆ ಪುಷ್ಯ, ಆಶ್ಲೇಷದಲ್ಲಿ ಮುಖ ತೋರಿಸದಿರಬಹುದು. ಇಂಥ ನೆಲದಲ್ಲಿ ಅರ್ಧ ಎಕರೆ, ಒಂದು ಎಕರೆಯಲ್ಲಿ ಚೆಂಡು ಹೂ, ಸೇವಂತಿಗೆ, ಕನಕಾಂಬರ ಬೆಳೆಯುವವರ ಧೈರ್ಯ ದೊಡ್ಡದು.

ಜೋಳದ ತೆನೆ ಸಣ್ಣದಾದರೂ ರೊಟ್ಟಿಗಾಗುತ್ತದೆ, ದಂಟು ದನಕ್ಕಾಗುತ್ತದೆ. ಹೂವಿಗೆ ಆ ರಿಯಾಯಿತಿ ಇಲ್ಲ. ಮುದುಡಿದ ಚೆಂಡು ಹೂವನ್ನು ಮಾರುಕಟ್ಟೆಯಲ್ಲಿ ಯಾರೂ ಕೇಳುವುದಿಲ್ಲ. ದಸರಾ, ದೀಪಾವಳಿಯಾಗಲಿ, ಜನವರಿಯ ಗವಿಮಠದ ಜಾತ್ರೆಯಾಗಲಿ ಯಾರ ಗಿಡಕ್ಕೋಸ್ಕರವೂ ಮುಂದೆ ಹೋಗುವುದಿಲ್ಲ. ಹೀಗಾಗಿ ಬರದ ಹದಿನೈದಿಪ್ಪತ್ತು ದಿನ ಗಿಡವನ್ನು ಹೇಗಾದರೂ ದಾಟಿಸುವ ವಿದ್ಯೆಗೆ ಇಲ್ಲಿ ಬೆಲೆ ಹೆಚ್ಚು. ಆ ವಿದ್ಯೆಯ ಒಂದು ಎಳೆ ಸಸ್ಯ ಬೆಳವಣಿಗೆ ನಿಯಂತ್ರಕಗಳ ಬಳಕೆ. ಗೊಬ್ಬರದಂಗಡಿಯಲ್ಲಿ ಎಲ್ಲವನ್ನೂ ಸೇರಿಸಿ ‘ಟಾನಿಕ್’ ಎಂದುಬಿಡುತ್ತಾರೆ. ಆದರೆ ಒಂದೊಂದರ ಸ್ವಭಾವ ಒಂದೊಂದು.

ಮೊದಲು ಗಿಡ ತಾನಾಗಿ ಏನು ಮಾಡಿಕೊಳ್ಳುತ್ತದೆ ನೋಡಬೇಕು. ಬೇರಿನ ಸುತ್ತ ಮಣ್ಣು ಒಣಗತೊಡಗಿದಾಗ ಗಿಡದೊಳಗೆ ಆಬ್ಸಿಸಿಕ್ ಆಮ್ಲ ಹೆಚ್ಚುತ್ತದೆ. ಎಲೆಯ ಪತ್ರರಂಧ್ರವೊಂದರ ಎರಡೂ ಬದಿಗೆ ಕಾವಲು ಕೋಶಗಳಿವೆ. ಈ ಆಮ್ಲ ತಟ್ಟಿದೊಡನೆ ಅವು ಪೊಟ್ಯಾಸಿಯಂ ಹೊರಹಾಕುತ್ತವೆ, ಅದರ ಹಿಂದೆ ನೀರೂ ಹೋಗುತ್ತದೆ, ಉಬ್ಬಿದ್ದ ಕೋಶ ಸಡಿಲಗೊಂಡು ರಂಧ್ರ ಮುಚ್ಚುತ್ತದೆ. ನೀರು ಉಳಿಯಿತು ನಿಜ, ಆದರೆ ಅದೇ ರಂಧ್ರದಿಂದ ಬರಬೇಕಿದ್ದ ಇಂಗಾಲದ ಡೈಆಕ್ಸೈಡೂ ನಿಂತಿತು. ಬಿಸಿಲು ಮಾತ್ರ ಸುರಿಯುತ್ತಲೇ ಇರುತ್ತದೆ. ಬಳಕೆಯಾಗದ ಆ ಶಕ್ತಿಯಿಂದ ಎಲೆಯೊಳಗೆ ಹೈಡ್ರೋಜನ್ ಪೆರಾಕ್ಸೈಡಿನಂಥ ಸುಡುವ ವಸ್ತುಗಳು ಹುಟ್ಟಿ ಹಸಿರನ್ನು ಕೆಡಿಸುತ್ತವೆ. ಬರದಲ್ಲಿ ಗಿಡಕ್ಕೆ ಬಾಯಾರಿಕೆಯ ಜೊತೆಗೆ ಒಳಗಿನ ಈ ಉರಿಯೂ ಇದೆ.

ಸ್ಯಾಲಿಸಿಲಿಕ್ ಆಮ್ಲ ನೆರವಾಗುವುದು ಈ ಉರಿಯ ವಿಷಯದಲ್ಲಿ. ಗಿಡಗಳು ತಾವೇ ತಯಾರಿಸಿಕೊಳ್ಳುವ ವಸ್ತುವಿದು. ನಾವು ನುಂಗುವ ಆಸ್ಪಿರಿನ್ ಇದರ ಹತ್ತಿರದ ಬಂಧು. ಹಿತಮಿತವಾಗಿ ಸಿಂಪಡಿಸಿದರೆ ಪೆರಾಕ್ಸೈಡನ್ನು ತಟಸ್ಥಗೊಳಿಸುವ ಕಿಣ್ವಗಳು ಚುರುಕಾಗುತ್ತವೆ, ಕೋಶದಲ್ಲಿ ನೀರು ಹಿಡಿದಿಡುವ ಪ್ರೋಲಿನ್ ಹೆಚ್ಚುತ್ತದೆ. ಸಾಮಾನ್ಯವಾಗಿ ಬಳಸುವ ಪ್ರಮಾಣ 100 ಪಿಪಿಎಂ ಆಸುಪಾಸು, ಲೀಟರಿಗೆ 100 ಮಿಲಿಗ್ರಾಂ. ಬೆನ್ನಿಗೆ ಹಾಕುವ 16 ಲೀಟರಿನ ಪಂಪಿಗೆ 1.6 ಗ್ರಾಂ ಸಾಕು. ಇಷ್ಟು ಸಣ್ಣ ತೂಕಕ್ಕೆ ಅಕ್ಕಸಾಲಿಗನ ತಕ್ಕಡಿಯೇ ಬೇಕು. ಚಮಚದ ಅಂದಾಜು ನಡೆಯದು. ಪುಡಿಯನ್ನು ನೇರ ನೀರಿಗೆ ಸುರಿದರೆ ಬಿಳಿ ಹರಳು ತಳದಲ್ಲಿ ಕೂತುಬಿಡುತ್ತದೆ. ಕೈ ಪಳಗಿದವರು ಗಾಜಿನ ಲೋಟದಲ್ಲಿ ಸ್ವಲ್ಪ ಸ್ಪಿರಿಟ್ ಹಾಕಿ, ಹರಳೊಂದೂ ಕಾಣದಷ್ಟು ಕರಗಿಸಿ, ಆಮೇಲೆ ಬಕೆಟ್ಟಿನ ನೀರಿಗೆ ತೆಳುವಾಗಿ ಬಿಡುತ್ತಾ ಇನ್ನೊಂದು ಕೈಯಿಂದ ಕೋಲಾಡಿಸುತ್ತಾರೆ. ಆ ಸಾವಧಾನ ನೋಡುವಂಥದ್ದು.

ಸೈಕೋಸೆಲ್ಲಿನ ದಾರಿ ಬೇರೆ. 1960ರಲ್ಲಿ ಅಮೆರಿಕದ ಟಾಲ್ಬರ್ಟ್ ಬೆಳಕಿಗೆ ತಂದ ಈ ರಾಸಾಯನಿಕ, ಉದ್ದ ಬೆಳೆಸುವ ಜಿಬ್ಬರೆಲಿನ್ ಅನ್ನು ಗಿಡ ತನ್ನೊಳಗೆ ತಯಾರಿಸುವುದನ್ನು ತಡೆಯುತ್ತದೆ. ಗೆಣ್ಣಿನ ನಡುವಿನ ಅಂತರ ಕಡಿಮೆಯಾಗಿ, ಎಲೆ ದಪ್ಪಗಾಗಿ ಕಡು ಹಸಿರಿಗೆ ತಿರುಗಿ, ಗಿಡ ಗಿಡ್ಡಗೆ ಗುಂಡಗೆ ನಿಲ್ಲುತ್ತದೆ. ಆವಿಯಾಗಿ ಹೋಗುವ ನೀರು ಅಷ್ಟು ಉಳಿಯಿತು. ಚೆಂಡು ಹೂವಿನಲ್ಲಿ ನಾಟಿ ಮಾಡಿ ತಿಂಗಳಾದ ಮೇಲೆ ಕುಡಿ ಚಿವುಟುವುದು ರೂಢಿ. ಹೊಸ ಕವಲು ಒಡೆಯುವಾಗ ಇದನ್ನು ಕೊಟ್ಟರೆ ಚಿವುಟಿದ್ದರ ಫಲ ಇಮ್ಮಡಿಸುತ್ತದೆ. ಶೇ 50ರ ದ್ರಾವಣವಾದರೆ ಲೀಟರಿಗೆ 2 ಮಿ.ಲೀ. ಹಾಕಿದಾಗ 1000 ಪಿಪಿಎಂ ಆಗುತ್ತದೆ. ಕೈ ಮೀರಿದರೆ ಎಲೆಯಂಚು ಹಳದಿಗಟ್ಟಿ ಗಿಡವೇ ಹೇಳಿಬಿಡುತ್ತದೆ. ಪ್ಯಾಕ್ಲೋಬ್ಯುಟ್ರಝಾಲ್ ಕೂಡ ಇದೇ ಜಾತಿಯದು. ಆದರೆ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿದು ಮುಂದಿನ ಬೆಳೆಯನ್ನೂ ಕುಗ್ಗಿಸಬಲ್ಲದಾದ್ದರಿಂದ, ಹಂಗಾಮಿಗೊಂದು ಬೆಳೆ ಬದಲಿಸುವ ಹೊಲಕ್ಕೆ ಅದು ಬೇಡವೆಂದೇ ನನ್ನ ಅಭಿಪ್ರಾಯ.

ಜಿಬ್ಬರೆಲಿಕ್ ಆಮ್ಲದ ಹೆಸರು ಅಂಗಡಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳಿಬರುತ್ತದೆ. ಇದರ ಹುಟ್ಟು ಗಂಗಾವತಿಯ ಭತ್ತದ ರೈತರಿಗೆ ಆಸಕ್ತಿ ಹುಟ್ಟಿಸಬೇಕು: ಭತ್ತದ ಸಸಿಯನ್ನು ವಿಪರೀತ ಉದ್ದ ಬೆಳೆಸಿ ಕೊಲ್ಲುವ ಒಂದು ಶಿಲೀಂಧ್ರ ರೋಗವಿದೆ, ಆ ಶಿಲೀಂಧ್ರ ಸ್ರವಿಸುವ ವಸ್ತುವೇ ಆ ವಿಪರೀತ ಉದ್ದಕ್ಕೆ ಕಾರಣ ಎಂದು ಜಪಾನಿನ ಕುರೊಸಾವ 1926ರಲ್ಲಿ ತೋರಿಸಿದರು; ಜಿಬ್ಬರೆಲಿನ್ ಎಂದರೆ ಆ ವಸ್ತುವೇ. ನೀರು ಸಾಕಷ್ಟಿದ್ದಾಗ ಸೇವಂತಿಗೆ, ಆಸ್ಟರಿನ ಹೂಕಾಂಡ ಉದ್ದವಾಗಲು ಇದು ಒಳ್ಳೆಯದೇ. ಬೋರ್‌ವೆಲ್ ಬತ್ತುತ್ತಿರುವಾಗ ಗಿಡವನ್ನು ಎತ್ತರಕ್ಕೆಳೆದು ಎಲೆ ಹೆಚ್ಚಿಸಿದರೆ ಮಾತ್ರ ಇದ್ದ ನೀರೂ ಬೇಗ ಖರ್ಚಾಗುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಹೊತ್ತು ತಿಳಿಯುವುದು. ಮಧ್ಯಾಹ್ನ ಎರಡಕ್ಕೆ ಚೆಂಡು ಹೂವಿನ ಗಿಡ ಜೋತುಬಿದ್ದರೆ ಗಾಬರಿಯಿಲ್ಲ, ಸಂಜೆಗೆ ಏಳುತ್ತದೆ. ಬೆಳಿಗ್ಗೆ ಆರಕ್ಕೂ ತುದಿಯೆಲೆ ಬಾಗಿಯೇ ಇದ್ದರೆ ಬೇರಿಗೆ ರಾತ್ರಿಯಿಡೀ ನೀರು ಸಿಕ್ಕಿಲ್ಲ. ಆ ಹಂತದಲ್ಲಿ ಯಾವ ದ್ರಾವಣವೂ ನೀರಿನ ಕೆಲಸ ಮಾಡದು. ಈ ಔಷಧಗಳ ಗುಟ್ಟೇ ಅದು: ಬಾಡುವ ಮುನ್ನ, ಎಲೆ ಇನ್ನೂ ಗಟ್ಟಿಯಿರುವಾಗ ಕೊಡಬೇಕು. ಅದಕ್ಕೇ ಬಲ್ಲವರು ಮೋಡ ನೋಡುವಷ್ಟೇ ಗಮನವಿಟ್ಟು ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ನೋಡುತ್ತಾರೆ. ಸಿಂಪಡಿಸುವುದು ಬಿಸಿಲೇರುವ ಮುಂಚೆ ಅಥವಾ ಸಂಜೆ ನಾಲ್ಕರ ನಂತರ, ಎಲೆಯ ಅಡಿಯೂ ತೋಯುವಂತೆ. ಸಾಲಿನ ನಡುವೆ ಜೋಳದ ರವದಿಯ ಹೊದಿಕೆಯಿದ್ದರೆ ಅರ್ಧ ಗೆದ್ದಂತೆ.

ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು ನಮ್ಮ ಮುನಿರಾಬಾದಿನಲ್ಲೇ ಇದೆ. ಗಂಗಾವತಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ತಳಿ, ಮಣ್ಣು, ಬೋರ್‌ವೆಲ್ ನೀರಿನ ಗುಣ ಹೇಳಿ ಪ್ರಮಾಣ ಕೇಳಿಕೊಂಡರೆ ಅಂಗಡಿಯವರ ಮಾತಿಗೆ ಜೋತುಬೀಳಬೇಕಿಲ್ಲ. ಇನ್ನೊಂದು ಕೆಲಸ ರೈತರೇ ಮಾಡಬಹುದು: ಹೊಲದ ನಡುವೆ ಎರಡು ಸಾಲನ್ನು ಏನೂ ಸಿಂಪಡಿಸದೆ ಬಿಟ್ಟು, ಪ್ರತಿ ಕೊಯ್ಲಿನಲ್ಲಿ ಆ ಸಾಲಿನ ಹೂವನ್ನೂ ಪಕ್ಕದ ಎರಡು ಸಾಲಿನದನ್ನೂ ಬೇರೆ ಬೇರೆ ತೂಗಿ ಬರೆದಿಡುವುದು. ಆ ಲೆಕ್ಕ ಕೈಯಲ್ಲಿದ್ದರೆ ಮುಂದಿನ ಹಂಗಾಮಿಗೆ ಔಷಧಕ್ಕೆ ಎಷ್ಟು ದುಡ್ಡು ಹಾಕಬೇಕು, ಹಾಕಬೇಕೋ ಬೇಡವೋ ಎಂಬುದನ್ನು ಅವರೇ ತೀರ್ಮಾನಿಸಬಹುದು.