ಈಶ್ವರನ ಪ್ರಭುತ್ವವೂ ಲೋಕದ ಕೇಡೂ

ಲೋಕವನ್ನು ಆಳತಕ್ಕವನೊಬ್ಬನುಂಟು, ಅವನು ಸರ್ವಶಕ್ತನು, ದಯಾಮಯನು ಎಂದು ನಂಬಿದವರ ಮನೆಯಲ್ಲಿಯೂ ಎಳೆಯ ಮಕ್ಕಳು ಸಾಯುವುದುಂಟು. ಸತ್ಯವಂತರು ಹಸಿದು ಮಲಗುವುದೂ ವಂಚಕರು ಉಪ್ಪರಿಗೆಯಲ್ಲಿ ಸುಖವಾಗಿ ನಿದ್ರಿಸುವುದೂ ಉಂಟು. ಹೀಗಿರುವಲ್ಲಿ ಆ ಆಳ್ವಿಕೆ ಎಲ್ಲಿ? ಇದು ನಾಸ್ತಿಕರು ತಂದೊಡ್ಡಿದ ಪ್ರಶ್ನೆಯೆಂದು ಕೆಲವರು ತಿಳಿಯುತ್ತಾರೆ. ಹಾಗಲ್ಲ, ಇದು ಮೊದಲು ಹುಟ್ಟುವುದು ಭಕ್ತನ ಮನಸ್ಸಿನಲ್ಲಿಯೇ. ಒಡೆಯನೇ ಇಲ್ಲವೆನ್ನುವವನು ಯಾರ ಮುಂದೆ ದೂರು ಹೇಳಿಕೊಂಡಾನು?

ಈ ದೂರನ್ನು ಬಹು ತೀಕ್ಷ್ಣವಾಗಿ ನುಡಿದವಳು ದ್ರೌಪದಿ. ಪ್ರಸಂಗವು ವ್ಯಾಸಭಾರತದ ವನಪರ್ವದಲ್ಲಿದೆ. ಜೂಜಿನಲ್ಲಿ ರಾಜ್ಯವನ್ನು ಸೋತ ಪಾಂಡವರಿಗೆ 12 ವರ್ಷಗಳ ವನವಾಸ, 1 ವರ್ಷದ ಅಜ್ಞಾತವಾಸ. ದ್ವೈತವನದಲ್ಲಿ ಧರ್ಮರಾಜನು ದರ್ಭೆಯ ಆಸನದ ಮೇಲೆ ಕುಳಿತಿರುವುದನ್ನು ಕಂಡಾಗ ಅವಳಿಗೆ ಅವನ ಹಿಂದಿನ ದಂತದ ಪೀಠವು ನೆನಪಾಗುತ್ತದೆ. ಆಗ ಅವಳು ಗಂಡನನ್ನು ಮಾತ್ರವಲ್ಲ, ವಿಧಾತನನ್ನೇ ಪ್ರಶ್ನಿಸುತ್ತಾಳೆ. ನಾವೆಲ್ಲ ಮರದ ಗೊಂಬೆಗಳು, ಆಡಿಸುವವನು ಅವನು. ಮಗು ಆಟಿಕೆಗಳೊಡನೆ ಆಡುವಂತೆ ಅವನು ಜೀವಿಗಳೊಡನೆ ಆಡುತ್ತಾನೆ ಎಂಬುದು ಅವಳ ಮಾತಿನ ತಾತ್ಪರ್ಯ. ಅಷ್ಟಕ್ಕೇ ಅವಳು ನಿಲ್ಲುವುದಿಲ್ಲ. ಮಾಡಿದ ಪಾಪವು ಮಾಡಿದವನನ್ನು ಅಂಟುವುದಾದರೆ ಮಾಡಿಸಿದ ಈಶ್ವರನನ್ನೂ ಅಂಟಬೇಕು. ಅವನಿಗೆ ಅಂಟದಿದ್ದರೆ ಬಲವೊಂದೇ ಅದಕ್ಕೆ ಕಾರಣ. ಹಾಗಾದರೆ ಬಲವಿಲ್ಲದವರಿಗಾಗಿ ನಾನು ದುಃಖಪಡುತ್ತೇನೆ ಎನ್ನುತ್ತಾಳೆ.

ಧರ್ಮರಾಜನ ಉತ್ತರವನ್ನು ನಾವು ಎಚ್ಚರದಿಂದ ನೋಡಬೇಕು. ನಿನ್ನ ಮಾತು ಸೊಗಸಾಗಿದೆ, ಆದರೆ ನಾಸ್ತಿಕತೆಯತ್ತ ಸಾಗಿದೆ ಎಂದು ಅವನು ಆಕ್ಷೇಪಿಸುತ್ತಾನೆ. ಆದರೆ ಕೇಡಿಗೆ ಕಾರಣವನ್ನು ಬಿಡಿಸಿ ಹೇಳಹೋಗುವುದಿಲ್ಲ. ಕರ್ಮಫಲದ ಮರ್ಮವು ದೇವತೆಗಳ ಗುಟ್ಟು ಎಂದುಬಿಡುತ್ತಾನೆ. ತನ್ನ ವಿಷಯವಾಗಿ ಅವನು ಹೇಳುವುದಿಷ್ಟೆ: ಕೊಡತಕ್ಕದ್ದೆಂದು ಕೊಡುತ್ತೇನೆ, ಫಲವನ್ನು ನಿರೀಕ್ಷಿಸಿ ಅಲ್ಲ, ಧರ್ಮವನ್ನು ಲಾಭಕ್ಕಾಗಿ ಕರೆದುಕೊಳ್ಳುವವನು ಧರ್ಮದ ವ್ಯಾಪಾರಿ. ಇಲ್ಲಿ ನಂಬಿಕೆಯೆಂಬುದು ಲೆಕ್ಕ ತೀರಿದ ಮೇಲೆ ಬರುವ ಸಮಾಧಾನವಲ್ಲ. ಲೆಕ್ಕ ತೀರದಿರುವಾಗಲೂ ದಾರಿ ಬಿಡದ ನಿಲುವು.

ಕವಿಯು ಗುಟ್ಟೆಂದು ಬಿಟ್ಟುದನ್ನು ವೇದಾಂತಿಗಳು ವಿಚಾರಕ್ಕೆ ತೆಗೆದುಕೊಂಡರು. ಬ್ರಹ್ಮಸೂತ್ರದ 2ನೆಯ ಅಧ್ಯಾಯದ 1ನೆಯ ಪಾದದಲ್ಲಿ ಈಶ್ವರನ ಮೇಲೆ ಎರಡು ದೋಷಗಳನ್ನು ಹೊರಿಸಿ ಪರಿಹರಿಸಿದೆ. ಒಂದು ವೈಷಮ್ಯ, ಅಂದರೆ ಪಕ್ಷಪಾತ. ಇನ್ನೊಂದು ನೈರ್ಘೃಣ್ಯ, ಅಂದರೆ ನಿರ್ದಯತೆ. ಶಂಕರಾಚಾರ್ಯರು ಇದಕ್ಕೆ ಮಳೆಯ ದೃಷ್ಟಾಂತವನ್ನು ಕೊಡುತ್ತಾರೆ. ಬತ್ತಕ್ಕೂ ಜವೆಗೂ ಬೀಳುವ ಮಳೆ ಒಂದೇ. ಪೈರಿನ ಭೇದಕ್ಕೆ ಕಾರಣ ಬೀಜ. ಹಾಗೆಯೇ ಈಶ್ವರನು ಎಲ್ಲರಿಗೂ ಸಮಾನ. ಸುಖದುಃಖಗಳ ಭೇದವು ಜೀವರ ಕರ್ಮದಿಂದ. ಹಾಗಾದರೆ ಈಶ್ವರನು ಕರ್ಮಕ್ಕೆ ಅಧೀನನೆ ಎಂಬ ಸಂದೇಹವು ಏಳುತ್ತದೆ. 13ನೆಯ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು ಆ ಕರ್ಮದ ಇರವೂ ಅವನ ಅಧೀನವೇ ಎಂದು ಸಾಧಿಸಿ, ಅವನ ಸ್ವಾತಂತ್ರ್ಯವನ್ನು ಎತ್ತಿಹಿಡಿದರು.

ಈ ಸಿದ್ಧಾಂತವು ಹುಟ್ಟಿದ್ದು ಈಶ್ವರನ ಮೇಲಿನ ಆರೋಪವನ್ನು ಕಳೆಯುವುದಕ್ಕೆ. ನೆರೆಯವನ ಮೇಲೆ ಆರೋಪ ಹೊರಿಸುವುದಕ್ಕಲ್ಲ. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ನಿಂತು, ಇದು ನಿನ್ನ ಕರ್ಮವೆನ್ನುವವನು ವೇದಾಂತವನ್ನು ಅರಿತವನಲ್ಲ. ಬೀಜವನ್ನು ಕಂಡವನು ಒಬ್ಬನೇ, ಅವನು ನಾವಲ್ಲ. ಇನ್ನೊಬ್ಬರ ಸಂಕಟದ ಎದುರಿಗೆ ನಮಗೆ ಒಪ್ಪುವುದು ವ್ಯಾಖ್ಯಾನವಲ್ಲ, ಉಪಚಾರ.

ಇನ್ನು ಮತ್ತೆ ದ್ವೈತವನಕ್ಕೆ ಬರೋಣ. ಗಂಡನ ಮಾತನ್ನು ಕೇಳಿದ ದ್ರೌಪದಿಯು, ನಾನು ಧರ್ಮವನ್ನೂ ಈಶ್ವರನನ್ನೂ ಹಳಿದವಳಲ್ಲ, ನೊಂದವಳಾದ್ದರಿಂದ ಪ್ರಲಾಪಿಸಿದೆ ಎನ್ನುತ್ತಾಳೆ. ದೂರೂ ಭಕ್ತಿಯೂ ಒಂದೇ ಬಾಯಲ್ಲಿ ಬರಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಹಾಗೆಂದು ಅವಳು ಸುಮ್ಮನಾಗುವುದಿಲ್ಲ. ಕೈಕಟ್ಟಿ ಕೂರಬೇಡ, ಕೆಲಸಕ್ಕೆ ಏಳು ಎಂದು ಗಂಡನನ್ನು ಎಚ್ಚರಿಸುತ್ತಾಳೆ. ಆಗ ಅವಳ ಮಾತಿನಲ್ಲಿಯೂ ಒಂದು ಮಳೆ ಬರುತ್ತದೆ. ರೈತನು ನೆಲವನ್ನು ಉಳುತ್ತಾನೆ, ಬೀಜವನ್ನು ಬಿತ್ತುತ್ತಾನೆ, ಆಮೇಲೆ ಸುಮ್ಮನೆ ಕೂರುತ್ತಾನೆ. ಅಲ್ಲಿಂದ ಮುಂದಿನದು ಮಳೆಯ ಕೆಲಸ. ಮಳೆ ಬಾರದೆ ಹೋದರೆ ರೈತನು ದೋಷಿಯಲ್ಲ. ಮನುಷ್ಯನಿಂದ ಆಗುವುದನ್ನು ಅವನು ಮಾಡಿದ್ದಾನೆ.

ಚಿತ್ರದುರ್ಗ, ಕೋಲಾರದ ಕಡೆಯ ಬೆದ್ದಲುಗಳಲ್ಲಿ ರಾಗಿ ಬಿತ್ತಿದವರಿಗೆ ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮುಗಿಲು ತನ್ನ ಕೈಯಲ್ಲಿಲ್ಲವೆಂದು ಅವರು ಬಲ್ಲರು. ನೇಗಿಲು ತನ್ನ ಕೈಯಲ್ಲಿದೆಯೆಂದೂ ಬಲ್ಲರು. ಹೋದ ವರ್ಷ ಮಳೆ ಕೈಕೊಟ್ಟಿತೆಂದು ಈ ವರ್ಷದ ಬಿತ್ತನೆಯನ್ನು ಬಿಡುವುದಿಲ್ಲ. ಈಶ್ವರನ ಪ್ರಭುತ್ವದಲ್ಲಿ ನಂಬಿಕೆಯಿಡುವುದೆಂದರೆ ಇದೇ. ಕೇಡನ್ನು ಕೇಡಲ್ಲವೆಂದು ಹೇಳಿಕೊಳ್ಳುವುದಲ್ಲ. ಅನ್ಯಾಯವನ್ನು ತಡೆಯುವ ಕೆಲಸವನ್ನು ದೇವರಿಗೆ ವಹಿಸಿ ಮಲಗುವುದೂ ಅಲ್ಲ. ನಮ್ಮ ಪಾಲಿನ ಉಳುಮೆಯನ್ನು ಮುಗಿಸಿ, ಅಗತ್ಯವಾದರೆ ಕಣ್ಣೀರಿನೊಡನೆಯೇ, ಆಕಾಶದ ಕಡೆಗೆ ಮುಖವೆತ್ತುವುದು. ಧರ್ಮರಾಜನ ಸ್ಥೈರ್ಯವೂ ದ್ರೌಪದಿಯ ದೂರೂ ಕೂಡಿದಲ್ಲಿ ಆ ನಂಬಿಕೆಯು ಪೂರ್ಣವಾಗುತ್ತದೆ.